ಮಳೆಯಲ್ಲಿ ನಿಂತ ಚಾಂಪಿಯನ್: ಕೈಯಲ್ಲಿದ್ದ ಕ್ಲಬ್, ಒಳಗೆ ಬಿಡದ ಕ್ಲಬ್



ಇವತ್ತು ಗಾಲ್ಫ್ ಬಗ್ಗೆ ಬರೀತಿದೀನಿ. ಹೌದು, ಗಾಲ್ಫೇ. "ಶ್ರೀಮಂತರ ಆಟ ಅದು, ನಮಗ್ಯಾಕೆ ಅಣ್ಣಾ" ಅಂತ ಕೇಳೋರು ಇರ್ತಾರೆ. ಅದಕ್ಕೇ ಬರೀತಿದೀನಿ. ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಗಾಲ್ಫ್‌ನಲ್ಲಿ ಕ್ಲಬ್ ಅನ್ನೋ ಪದಕ್ಕೆ ಎರಡು ಅರ್ಥ. ಚೆಂಡು ಹೊಡೆಯೋ ಕೋಲಿಗೂ ಕ್ಲಬ್ ಅಂತಾರೆ. ಆ ಮೈದಾನದ ಒಡೆಯರು ಕೂತು ಊಟ ಮಾಡೋ ಕಟ್ಟಡಕ್ಕೂ, ಅವರ ಸಂಘಕ್ಕೂ ಕ್ಲಬ್ ಅಂತಾರೆ. ಒಂದು ಕೈಯಲ್ಲಿ ಹಿಡಿಯೋದು, ಇನ್ನೊಂದು ಒಳಗೆ ಹೋಗೋದು. ಮೊದಲನೇ ಕ್ಲಬ್ಬನ್ನ ಜಗತ್ತೇ ಬೆರಗಾಗೋ ಹಾಗೆ ಬೀಸಿದ ಒಬ್ಬ ಮನುಷ್ಯನಿಗೆ ಎರಡನೇ ಕ್ಲಬ್ಬಿನ ಬಾಗಿಲು ತೆಗೀಲಿಲ್ಲ. ಗೆದ್ದ ಟ್ರೋಫಿಯನ್ನ ಹೊರಗೆ ಮಳೆಯಲ್ಲಿ ನಿಂತು ತಗೋಬೇಕಾಯ್ತು. ಅವರ ಹೆಸರು ಸ್ಯೂಸಂಕರ್ ಸ್ಯೂಗೋಲಮ್. ಜನ ಕರೆದದ್ದು ಪಾಪ್ವಾ ಅಂತ. ಊರು ದಕ್ಷಿಣ ಆಫ್ರಿಕಾದ ಡರ್ಬನ್.

ಆ ಹೆಸರನ್ನೇ ಒಂದ್ಸಲ ನೋಡಿ. ಸ್ಯೂಸಂಕರ್ ಅಂದ್ರೆ ನಮ್ಮ ಶಿವಶಂಕರ. 1860ರಲ್ಲಿ ಮದ್ರಾಸಿನಿಂದ ಟ್ರೂರೋ ಅನ್ನೋ ಹಡಗು ಕೂಲಿಗಳನ್ನ ತುಂಬಿಕೊಂಡು ಡರ್ಬನ್ ಬಂದರಿಗೆ ಹೋಯ್ತು. ಬ್ರಿಟಿಷರ ಕಬ್ಬಿನ ತೋಟಗಳಿಗೆ ದುಡಿಯೋ ಕೈ ಬೇಕಿತ್ತು. ಮುಂದಿನ 50 ವರ್ಷದಲ್ಲಿ ಒಂದೂವರೆ ಲಕ್ಷ ಭಾರತೀಯರು ಹೀಗೇ ಗಿರಮಿಟ್ ಕರಾರಿಗೆ ಹೆಬ್ಬೆಟ್ಟು ಒತ್ತಿ ಹೋದರು. ಅವರ ಹೆಸರುಗಳನ್ನ ಗುಮಾಸ್ತರು ಕಿವಿಗೆ ಕೇಳಿದ ಹಾಗೆ ಬರ್ಕೊಂಡರು. ಶಿವಶಂಕರ ಸ್ಯೂಸಂಕರ್ ಆದದ್ದು ಹೀಗೆ. ಅಂಥ ಕೂಲಿಗಳ ಪೀಳಿಗೆಯ ಬಡ ಹುಡುಗ ಪಾಪ್ವಾ. "ಅವರು ಯಾವ ಜಾತಿ" ಅಂತ ದಯವಿಟ್ಟು ಕಾಮೆಂಟಲ್ಲಿ ಕೇಳ್ಬೇಡಿ. ಸರ್ಟಿಫಿಕೇಟ್ ನೋಡಿ ಗೌರವ ಕೊಡೋದು ನಮ್ಮ ಪರಂಪರೆ ಅಲ್ಲ.

*

ಮೊದಲು ಕೋಲಿನ ವಿಷಯ ಹೇಳ್ತೀನಿ.

ಗಾಲ್ಫ್ ಆಡೋರು ಒಂದೇ ಕೋಲಲ್ಲಿ ಆಡಲ್ಲ. ದೂರ ಹೊಡೆಯೋಕೆ ಒಂದು, ನಡುವಿನ ದೂರಕ್ಕೆ ನಂಬರ್ ಹಾಕಿದ ಕಬ್ಬಿಣದ ತಲೆಯವು ಏಳೆಂಟು, ಮರಳಿನ ಗುಂಡಿಯಿಂದ ಎತ್ತೋಕೆ ಒಂದು, ಕೊನೆಗೆ ಗುಳಿಯೊಳಗೆ ಮೆಲ್ಲಗೆ ತಳ್ಳೋಕೆ ಒಂದು. ಹಿಂದೆ ಇದಕ್ಕೆ ಲೆಕ್ಕವೇ ಇರಲಿಲ್ಲ, ಕೆಲವರು ಚೀಲದಲ್ಲಿ 25-30 ಕೋಲು ತುಂಬಿಸ್ತಿದ್ರು. 1938ರಲ್ಲಿ ಅಮೆರಿಕದಲ್ಲಿ, ಮರುವರ್ಷ ಬ್ರಿಟನ್‌ನಲ್ಲಿ ನಿಯಮ ಬಂತು: ಒಬ್ಬ ಆಟಗಾರನ ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರಬಾರದು. ಅಲ್ಲಿಂದ ಈಚೆಗೆ ಯಾವ 14 ಅನ್ನೋದೇ ಪ್ರತಿ ಆಟಗಾರನ ದೊಡ್ಡ ಲೆಕ್ಕಾಚಾರ.

ಆ ಚೀಲ ಹೊರೋನು ಯಾರು? ಕ್ಯಾಡಿ. ಜಗತ್ತಿನ ಬಹುಪಾಲು ಗಾಲ್ಫ್ ಮೈದಾನಗಳಲ್ಲಿ ಕ್ಯಾಡಿ ಅಂದ್ರೆ ಪಕ್ಕದ ಕೇರಿಯ ಹುಡುಗ. ಅವನು ಬರೀ ಹೊರೋನಲ್ಲ. ಗಾಳಿ ಯಾವ ಕಡೆ ಬೀಸ್ತಿದೆ, ನೆಲ ಎಲ್ಲಿ ಇಳಿಜಾರು, ಇಲ್ಲಿಂದ ಗುಳಿಗೆ ಎಷ್ಟು ಗಜ, ಯಾವ ನಂಬರಿನ ಕೋಲು ತಗೊಂಡ್ರೆ ಚೆಂಡು ಅಲ್ಲಿಗೇ ಬೀಳುತ್ತೆ, ಇದೆಲ್ಲ ಅವನಿಗೆ ಗೊತ್ತು. ಸಾಹೇಬರಿಗೆ ಕೋಲು ಆರಿಸಿ ಕೊಡೋನೇ ಅವನು. ಆದ್ರೆ ಆ ಹದಿನಾಲ್ಕರಲ್ಲಿ ಒಂದೂ ಅವನದಲ್ಲ. ಹೊಲದ ಕೆಲಸ ಎಲ್ಲ ಗೊತ್ತಿದ್ದೂ ಒಂದು ಗುಂಟೆ ಜಮೀನಿಲ್ಲದ ನಮ್ಮ ಜೀತದಾಳುಗಳ ಕಥೆಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಪಾಪ್ವಾ ಸಣ್ಣ ವಯಸ್ಸಲ್ಲೇ ಡರ್ಬನ್‌ನ ಬೀಚ್‌ವುಡ್ ಮೈದಾನದಲ್ಲಿ ಬಿಳಿಯರ ಚೀಲ ಹೊರೋಕೆ ಹೋದರು. ಸ್ಕೂಲು ಸಿಗಲಿಲ್ಲ, ಓದು ಬರಹ ಬರಲಿಲ್ಲ. ಆಡಬೇಕು ಅನ್ನೋ ಆಸೆಗೆ ಸಿರಿಂಗಾ ಮರದ ಕೊಂಬೆಯಿಂದ ತಾವೇ ಒಂದು ಕೋಲು ಮಾಡ್ಕೊಂಡರು ಅಂತ ಹೇಳ್ತಾರೆ. ಸಿರಿಂಗಾ ಅಂದ್ರೆ ಬೇವಿನ ಸಂಬಂಧಿ ಮರ, ನಮ್ಮಲ್ಲಿ ಹುಚ್ಚುಬೇವು ಅಂತಾರಲ್ಲ, ಅದು. ಸಾಹೇಬರ ಚೀಲದಲ್ಲಿ 14 ಆಯ್ಕೆ. ಈ ಹುಡುಗನ ಕೈಯಲ್ಲಿ ಒಂದು ಬೇವಿನ ಕೊಂಬೆ.

ಕಲಿಸೋರು ಯಾರೂ ಇರಲಿಲ್ಲ. ಹಾಗಾಗಿ ಹಿಡಿತವೇ ಬೇರೆ ಆಯ್ತು. ಬಲಗೈ ಆಟಗಾರರು ಕೋಲು ಹಿಡಿಯುವಾಗ ಎಡಗೈ ಮೇಲೆ, ಬಲಗೈ ಕೆಳಗೆ. ಪಾಪ್ವಾ ಹಿಡಿದದ್ದು ತಿರುಗಾಮುರುಗಾ: ಬಲಗೈ ಮೇಲೆ, ಎಡಗೈ ಕೆಳಗೆ. ಯಾವ ಗಾಲ್ಫ್ ಗುರು ನೋಡಿದ್ರೂ "ತಪ್ಪು" ಅನ್ನೋ ಹಿಡಿತ. ಆ ತಪ್ಪು ಹಿಡಿತದಲ್ಲೇ ಅವರ ಚೆಂಡು ಹೇಳಿದಲ್ಲಿ ಹೋಗಿ ಬೀಳ್ತಿತ್ತು. ಗುರುಕುಲದಿಂದ ಹೊರಗಿಟ್ಟೋರು ತಮ್ಮದೇ ದಾರಿಯಲ್ಲಿ ಕಲಿತಾಗ "ಅದು ಶಾಸ್ತ್ರೀಯ ಅಲ್ಲ" ಅಂತ ಮೂಗು ಮುರಿಯೋದನ್ನ ನಾವು ಇಲ್ಲೂ ನೋಡಿದೀವಲ್ಲ! ತಮಟೆಗೂ ಹಾಗೇ ಅಂದ್ರು, ನಮ್ಮ ಮಾತಿಗೂ ಹಾಗೇ ಅಂದ್ರು.

*

ಡರ್ಬನ್‌ನಲ್ಲಿ ಗ್ರಹಾಂ ವುಲ್ಫ್ ಅನ್ನೋ ಬಿಳಿಯ ರಸಾಯನಶಾಸ್ತ್ರಜ್ಞ ಇದ್ದರು. ಇವತ್ತು ಅಂಗಡಿಗಳಲ್ಲಿ ಓಲೇ ಅಂತ ಕ್ರೀಮ್ ಸಿಗುತ್ತಲ್ಲ, ಅದನ್ನ ಮೊದಲು ತಯಾರಿಸಿದೋರು ಇವರೇ. ಪಾಪ್ವಾ ಅವರ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಆಟ ನೋಡಿ ವುಲ್ಫ್‌ಗೆ ಗೊತ್ತಾಯ್ತು, ಈ ಮನುಷ್ಯ ಬಾಟಲಿ ತುಂಬಿಸ್ತಾ ಇರಬೇಕಾದೋನಲ್ಲ ಅಂತ. ದಕ್ಷಿಣ ಆಫ್ರಿಕಾದ ದೊಡ್ಡ ಟೂರ್ನಿಗಳೆಲ್ಲ ಬಿಳಿಯರಿಗೆ ಮೀಸಲು. (ಮೀಸಲಾತಿ ವಿರೋಧಿ ಗೆಳೆಯರು ಗಮನಿಸಿ: ಇದು ನಿಜವಾದ ನೂರಕ್ಕೆ ನೂರು ಮೀಸಲಾತಿ.) ಹಾಗಾಗಿ ವುಲ್ಫ್ ತಮ್ಮ ಸಣ್ಣ ವಿಮಾನದಲ್ಲೇ ಅವರನ್ನ ಯುರೋಪಿಗೆ ಕರ್ಕೊಂಡು ಹೋದರು.

1959. ಮೊದಲ ಸಲ ಯುರೋಪಿನ ಹುಲ್ಲು ತುಳಿದ, ಸ್ಕೋರ್‌ಕಾರ್ಡ್ ಓದೋಕೂ ಬಾರದ ಆ ಕ್ಯಾಡಿ ಡಚ್ ಓಪನ್ ಗೆದ್ದರು. ಅದೃಷ್ಟ ಅಂದೋರೂ ಇದ್ದಿರಬಹುದು. 1960ರಲ್ಲಿ ಮತ್ತೆ ಗೆದ್ದರು. 1964ರಲ್ಲಿ ಮೂರನೇ ಸಲ ಗೆದ್ದರು.

ನೆದರ್ಲೆಂಡ್ಸ್‌ನಲ್ಲಿ ಅವರು ಚಾಂಪಿಯನ್. ಎಲ್ಲರ ಜೊತೆ ಕೂತು ಊಟ ಮಾಡಬಹುದು. ವಾಪಸ್ ಡರ್ಬನ್‌ಗೆ ಇಳಿದ್ರೆ ಮತ್ತೆ "ಇಂಡಿಯನ್". ಬಸ್ಸಿನ ಸೀಟು ಬೇರೆ, ಕಡಲತೀರ ಬೇರೆ, ವಾಸದ ಏರಿಯಾ ಬೇರೆ. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಯಾವ ಬಣ್ಣದೋರು ಎಲ್ಲಿ ಇರಬೇಕು ಅಂತ ಗೆರೆ ಕೊರೆದಿತ್ತು. ಊರು ಒಂದು ಕಡೆ, ಹೊಲಗೇರಿ ಇನ್ನೊಂದು ಕಡೆ. ನಮ್ಮವರು ಕಾಯ್ದೆ ಇಲ್ಲದೇನೇ ಸಾವಿರಾರು ವರ್ಷ ನಡೆಸಿದ್ದನ್ನ ಅವರು ಗೆಜೆಟ್‌ನಲ್ಲಿ ಅಚ್ಚು ಹಾಕಿಸಿದ್ರು, ಅಷ್ಟೇ.

*

1963ರ ನಟಾಲ್ ಓಪನ್. ಜಾಗ ಡರ್ಬನ್ ಕಂಟ್ರಿ ಕ್ಲಬ್. ಎರಡು ಸಲ ಡಚ್ ಓಪನ್ ಗೆದ್ದೋರು ತಮ್ಮ ಸ್ವಂತ ಊರಲ್ಲಿ ಆಡೋಕೆ ಸರ್ಕಾರದ ಅಪ್ಪಣೆ ಬೇಕಾಯ್ತು. ಅಪ್ಪಣೆ ಸಿಕ್ಕಿತು, ಆದ್ರೆ ಆಡೋಕೆ ಮಾತ್ರ. ಬಟ್ಟೆ ಬದಲಿಸೋಕೆ, ಊಟ ಮಾಡೋಕೆ ಕ್ಲಬ್ಬಿನ ಕಟ್ಟಡದೊಳಗೆ ಕಾಲಿಡೋ ಹಾಗಿಲ್ಲ. ಎದುರಾಳಿಗಳು ಒಳಗೆ ಮೇಜಿನ ಮುಂದೆ ಕೂತಿದ್ದಾಗ ಇವರು ಹೊರಗೆ.

ಆ ಟೂರ್ನಿಯನ್ನ ಪಾಪ್ವಾ ಗೆದ್ದರು.

ಈಗ ಕ್ಲಬ್ಬಿನೋರಿಗೆ ಪೇಚಾಟ. ಟ್ರೋಫಿ ಕೊಡಬೇಕು, ಒಳಗೆ ಕರೆಯೋ ಹಾಗಿಲ್ಲ. ಹೊರಗೆ ಮಳೆ ಶುರುವಾಗಿತ್ತು. ಬಿಳಿಯರು ಸೂರಿನಡಿ ಬೆಚ್ಚಗೆ ನಿಂತರು. ಚಾಂಪಿಯನ್ ಮಾತ್ರ ಹೊರಗೆ, ಮಳೆಯಲ್ಲಿ ನಿಂತು ಕಪ್ ತಗೊಂಡರು. ಆ ಫೋಟೋ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು.

ಇಲ್ಲಿ ಸ್ವಲ್ಪ ನಿಲ್ಲಿ. ಈ ಪೋಸ್ಟಿನ ಜೀವ ಇಲ್ಲೇ ಇರೋದು. ಆ ದಿನ ಪಾಪ್ವಾ ಕೈಯಲ್ಲಿ ಇದ್ದದ್ದು ಪರ್ಮಿಟ್. ಹಕ್ಕು ಅಲ್ಲ. ಪರ್ಮಿಟ್ ಅಂದ್ರೆ ಕೊಟ್ಟೋನು ಷರತ್ತು ಹಾಕ್ತಾನೆ: ಆಡು, ಆದ್ರೆ ಒಳಗೆ ಬರಬೇಡ. ದುಡಿ, ಆದ್ರೆ ಪಂಕ್ತಿಯಲ್ಲಿ ಕೂರಬೇಡ. ತಮಟೆ ಬಡಿ, ಆದ್ರೆ ಗುಡಿ ಹತ್ತಬೇಡ. ಇನ್ನೂ ಒಂದು ಮಾತಿದೆ. ಕೊಟ್ಟೋನು ಬೇಡ ಅನ್ನಿಸಿದ ದಿನ ವಾಪಸ್ ಕಿತ್ಕೋತಾನೆ.

*

ಕಿತ್ಕೊಂಡದ್ದು ಹೇಗೆ ನೋಡಿ. 1965ರಲ್ಲಿ ಮತ್ತೆ ನಟಾಲ್ ಓಪನ್. ಈ ಸಲ ಎದುರಿಗೆ ಗ್ಯಾರಿ ಪ್ಲೇಯರ್. ದಕ್ಷಿಣ ಆಫ್ರಿಕಾದ ಅತಿ ದೊಡ್ಡ ಗಾಲ್ಫ್ ಆಟಗಾರ, ಜಗತ್ತಿನ ಮೊದಲ ಮೂವರಲ್ಲಿ ಒಬ್ಬರು. ಪಾಪ್ವಾ ಅವರನ್ನೂ ಸೋಲಿಸಿ ಕಪ್ ಗೆದ್ದರು.

ಅದೇ ವರ್ಷ ಇಬ್ಬರ ಜೀವನ ಯಾವ ಕಡೆಗೆ ಹೋಯ್ತು ಅಂತ ಪಕ್ಕಪಕ್ಕ ಇಟ್ಟು ನೋಡಿ.

ಪ್ಲೇಯರ್ ಜೂನ್‌ನಲ್ಲಿ ಅಮೆರಿಕಕ್ಕೆ ಹೋಗಿ ಯು.ಎಸ್. ಓಪನ್ ಗೆದ್ದರು. ಅದರೊಂದಿಗೆ ನಾಲ್ಕೂ ದೊಡ್ಡ ಟೂರ್ನಿಗಳನ್ನ ಗೆದ್ದ ಜಗತ್ತಿನ ಮೂರನೇ ಆಟಗಾರ ಆದರು. ಆಗ ಅವರ ಕೈಯಲ್ಲಿದ್ದ ಕ್ಲಬ್‌ಗಳೇ ದೊಡ್ಡ ಸುದ್ದಿ. ಎಲ್ಲರೂ ಉಕ್ಕಿನ ಹಿಡಿಕೆಯ ಕೋಲು ಬಳಸ್ತಿದ್ದ ಕಾಲದಲ್ಲಿ ಪ್ಲೇಯರ್ ಶೇಕ್ಸ್‌ಪಿಯರ್ ಅನ್ನೋ ಕಂಪನಿಯ ಫೈಬರ್‌ಗ್ಲಾಸ್ ಹಿಡಿಕೆಯ ಕೋಲು ಆರಿಸ್ಕೊಂಡಿದ್ದರು. ಆ ಫೈಬರ್‌ಗ್ಲಾಸ್ ಗಾಲ್ಫ್‌ನಲ್ಲಿ ಬಹಳ ದಿನ ನಿಲ್ಲಲಿಲ್ಲ, ಜನ ಉಕ್ಕಿಗೇ ವಾಪಸ್ ಹೋದರು. ಪ್ಲೇಯರ್‌ಗೆ ಅದರಿಂದ ನಷ್ಟ ಏನೂ ಆಗಲಿಲ್ಲ. ಅದು ಬೇಡ ಅಂದ್ರೆ ಇನ್ನೊಂದು ಕಂಪನಿ, ಇನ್ನೊಂದು ಕೋಲು. ಆಯ್ಕೆ ಅಂದ್ರೆ ಅದು. ಪ್ರಯೋಗ ಮಾಡಿ ಸೋಲೋಕೂ ಜಾಗ ಇರೋದು.

ಪಾಪ್ವಾಗೆ ಏನಾಯ್ತು? ಪ್ಲೇಯರನ್ನ ಸೋಲಿಸಿದ್ದೇ ಅಪರಾಧ ಆಯ್ತು. ಬಿಳಿಯರ ಆಟದಲ್ಲಿ, ಬಿಳಿಯರ ನೆಲದಲ್ಲಿ, ಬಿಳಿಯರ ಅತಿ ದೊಡ್ಡ ಆಟಗಾರನನ್ನ ಒಬ್ಬ ಕೂಲಿಯ ವಂಶದೋನು ಸೋಲಿಸಿದ್ರೆ "ಬಿಳಿಯರೇ ಶ್ರೇಷ್ಠ" ಅನ್ನೋ ಕಥೆ ಎಲ್ಲಿ ನಿಲ್ಲುತ್ತೆ? 1966ರ ಹೊತ್ತಿಗೆ ಸರ್ಕಾರ ಪರ್ಮಿಟ್ ಕೊಡೋದನ್ನೇ ನಿಲ್ಲಿಸಿತು. ಆಡೋ ಮಾತು ಹಾಗಿರಲಿ, ಪ್ರೇಕ್ಷಕರಾಗಿ ಒಳಗೆ ಹೋಗೋಕೂ ಬಿಡಲಿಲ್ಲ. ಪಾಸ್‌ಪೋರ್ಟ್ ಕೂಡ ಕಿತ್ಕೊಂಡ್ರು, ಯುರೋಪಿನ ದಾರಿಯೂ ಮುಚ್ಚಿತು. ಕೈಯಲ್ಲಿ ಕೋಲಿದೆ, ಬೀಸೋಕೆ ನೆಲ ಇಲ್ಲ. 1978ರಲ್ಲಿ, 50ರ ಆಸುಪಾಸಿನಲ್ಲಿ, ಬಡತನದಲ್ಲೇ ತೀರಿಕೊಂಡರು.

ಗ್ಯಾರಿ ಪ್ಲೇಯರ್ 1966ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ತಾವು ವರ್ವೂರ್ಡ್‌ನ, ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಸೇರಿದೋರು ಅಂತ ಬರ್ಕೊಂಡರು. ಆಮೇಲೆ ಅವರ ನಿಲುವು ಬದಲಾಯ್ತು. 1971ರಲ್ಲಿ ಅಮೆರಿಕದ ಕಪ್ಪು ಆಟಗಾರ ಲೀ ಎಲ್ಡರ್ ಅವರನ್ನ ದಕ್ಷಿಣ ಆಫ್ರಿಕಾಕ್ಕೆ ಆಡೋಕೆ ಕರೆಸಿದರು. ಬದಲಾದದ್ದು ಒಳ್ಳೇದೇ. ಆದ್ರೆ ಆ ಹೊತ್ತಿಗೆ ಅದೇ ನೆಲದ ಚಾಂಪಿಯನ್ ಮನೆಯಲ್ಲಿ ಕೂತು ಐದು ವರ್ಷ ಆಗಿತ್ತು. ಮೇಲಿನೋರ ಮನಸ್ಸು ಕರಗೋವರೆಗೂ ಕಾಯೋರ ಆಯಸ್ಸು ಕರಗುತ್ತೆ. ಅದಕ್ಕೇ ಬಾಬಾಸಾಹೇಬರು ಹೃದಯ ಪರಿವರ್ತನೆಯನ್ನ ನಂಬಿ ಕೂರಲಿಲ್ಲ. ಕಾನೂನು ಬರೆದರು.

*

ಆ ಮಳೆಯ ಫೋಟೋ ವ್ಯರ್ಥ ಆಗಲಿಲ್ಲ. ವರ್ಣಭೇದದ ವಿರುದ್ಧ ಕ್ರೀಡಾ ಬಹಿಷ್ಕಾರ ಕಟ್ಟುತ್ತಿದ್ದೋರಿಗೆ ಅದು ಸಾಕ್ಷಿ ಆಯ್ತು. ಕವಿ ಡೆನಿಸ್ ಬ್ರೂಟಸ್ ಮತ್ತು ಸಂಗಾತಿಗಳು ಹೋರಾಡಿದರು. ಬ್ರೂಟಸ್ ಗುಂಡೇಟು ತಿಂದು, ರಾಬೆನ್ ದ್ವೀಪದ ಜೈಲಲ್ಲಿ ಕಲ್ಲು ಒಡೆದರು. 1964ರ ಟೋಕಿಯೋ ಒಲಿಂಪಿಕ್ಸ್‌ಗೆ ದಕ್ಷಿಣ ಆಫ್ರಿಕಾವನ್ನ ಸೇರಿಸಲಿಲ್ಲ. 1970ರಲ್ಲಿ ಒಲಿಂಪಿಕ್ ಸಮಿತಿಯಿಂದಲೇ ಹೊರಗೆ ಹಾಕಿದರು. 1977ರಲ್ಲಿ ಕಾಮನ್‌ವೆಲ್ತ್ ದೇಶಗಳು ವರ್ಣಭೇದದ ದಕ್ಷಿಣ ಆಫ್ರಿಕಾದ ಜೊತೆ ಆಟದ ಸಂಬಂಧ ಬೇಡ ಅಂತ ಒಪ್ಪಂದ ಮಾಡ್ಕೊಂಡವು. ಅದರ ಹೆಸರು ಗ್ಲೆನ್‌ಈಗಲ್ಸ್ ಒಪ್ಪಂದ. ಗ್ಲೆನ್‌ಈಗಲ್ಸ್ ಅಂದ್ರೆ ಏನ್ ಗೊತ್ತಾ? ಸ್ಕಾಟ್ಲೆಂಡಿನ ಹೆಸರಾಂತ ಗಾಲ್ಫ್ ಹೋಟೆಲು! ಗಾಲ್ಫ್ ಆಟಗಾರನನ್ನ ಹೊರಗೆ ನಿಲ್ಲಿಸಿದ ದೇಶವನ್ನ ಹೊರಗೆ ನಿಲ್ಲಿಸೋ ತೀರ್ಮಾನ ಗಾಲ್ಫ್ ಮೈದಾನದ ಪಕ್ಕದಲ್ಲೇ ಆಯ್ತು. ಮರುವರ್ಷ ಪಾಪ್ವಾ ತೀರಿಕೊಂಡರು.

ಇಲ್ಲಿ ಒಂದು ಪದದ ಬಗ್ಗೆ ಹೇಳಲೇಬೇಕು. ಆ ಕಾಲದಲ್ಲಿ ಜಗತ್ತಿನ ಪತ್ರಿಕೆಗಳು ದಕ್ಷಿಣ ಆಫ್ರಿಕಾವನ್ನ "ಪರಾಯಾ ಸ್ಟೇಟ್" ಅಂತ ಕರೀತಿದ್ವು. ಪಾಪ್ವಾ ಬಗ್ಗೆ ನ್ಯಾಯಾಧೀಶ ಕ್ರಿಸ್ಟೋಫರ್ ನಿಕೋಲ್ಸನ್ 2005ರಲ್ಲಿ ಬರೆದ ಪುಸ್ತಕದ ಹೆಸರಲ್ಲೂ ಅದೇ ಪದ ಇದೆ: "ಫ್ರಮ್ ಪರಾಯಾ ಟು ಲೆಜೆಂಡ್". ಈ ಪದ ಎಲ್ಲಿಂದ ಬಂತು? ತಮಿಳಿನ ಪರೈಯರ್ ಅನ್ನೋ ನಮ್ಮ ಸೋದರ ಸಮುದಾಯದ ಹೆಸರಿಂದ. ಪರೈ ಅಂದ್ರೆ ತಮಟೆಯಂಥ ಚರ್ಮವಾದ್ಯ. ಇಂಗ್ಲಿಷರು ಆ ಹೆಸರನ್ನ ತಗೊಂಡು "ಯಾರಿಗೂ ಬೇಡದೋನು" ಅನ್ನೋ ಅರ್ಥ ಕೊಟ್ಟು ತಮ್ಮ ಡಿಕ್ಷನರಿಗೆ ಹಾಕ್ಕೊಂಡರು. ಅಂದ್ರೆ ಹೊರಗೆ ನಿಲ್ಲಿಸಿಕೊಂಡೋನಿಗೂ ನಮ್ಮ ಹೆಸರು, ಹೊರಗೆ ನಿಲ್ಲಿಸಿದ ಕ್ರೂರ ಸರ್ಕಾರಕ್ಕೂ ಬೈಗುಳವಾಗಿ ನಮ್ಮ ಹೆಸರೇ! ಇಂಗ್ಲಿಷಲ್ಲಿ ಬರೆಯೋ ತಮ್ಮಂದಿರು, ತಂಗಿಯರು ಈ ಪದ ಬಳಸೋ ಮುಂಚೆ ಒಂದ್ಸಲ ಯೋಚಿಸಿ.

*

ಅಮೆರಿಕದಲ್ಲೇನೂ ಕಥೆ ಬೇರೆ ಅಲ್ಲ. ಅಲ್ಲಿನ ವೃತ್ತಿಪರ ಗಾಲ್ಫ್ ಸಂಘದ ನಿಯಮದಲ್ಲೇ "ಬಿಳಿಯರು ಮಾತ್ರ" ಅಂತ ಬರೆದಿತ್ತು. ಚಾರ್ಲಿ ಸಿಫರ್ಡ್, ಅವರೂ ಕ್ಯಾಡಿಯಾಗಿ ಶುರು ಮಾಡಿದೋರೇ, ವರ್ಷಗಟ್ಟಲೆ ಬಾಗಿಲು ಬಡಿದರು. ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಕಾನೂನಿನ ಒತ್ತಡ ಹಾಕಿದ ಮೇಲೆ 1961ರಲ್ಲಿ ಆ ಸಾಲು ಅಳಿಸಿದರು. ಗಮನಿಸಿ, ಕಾನೂನಿನ ಒತ್ತಡ. ಸಿಫರ್ಡ್ 1967ರಲ್ಲಿ, 1969ರಲ್ಲಿ ದೊಡ್ಡ ಟೂರ್ನಿಗಳನ್ನ ಗೆದ್ದರೂ ಅಗಸ್ಟಾ ಕ್ಲಬ್ ನಡೆಸೋ ಮಾಸ್ಟರ್ಸ್‌ಗೆ ಅವರಿಗೆ ಕರೆ ಬರಲೇ ಇಲ್ಲ. ಅಲ್ಲಿ ಮೊದಲ ಕಪ್ಪು ಆಟಗಾರ ಆಡಿದ್ದು 1975ರಲ್ಲಿ, ಲೀ ಎಲ್ಡರ್. ಮೊದಲ ಕಪ್ಪು ಸದಸ್ಯನನ್ನ ಸೇರಿಸ್ಕೊಂಡದ್ದು 1990ರಲ್ಲಿ. ಆ ಕಾಲದಲ್ಲೆಲ್ಲ ಅಲ್ಲಿ ಚೀಲ ಹೊರೋ ಕ್ಯಾಡಿಗಳು ಕಪ್ಪು ಜನರೇ. ಕೋಲು ಹೊತ್ತು ಹೋಗಬಹುದು. ಕೋಲು ಹಿಡಿದು ಹೋಗೋಕೆ 1975 ಬರಬೇಕು. ಕುರ್ಚಿ ಎಳ್ಕೊಂಡು ಕೂರೋಕೆ 1990 ಬರಬೇಕು.

*

"ಛೇ, ಬಿಳಿಯರು ಎಂಥ ಕ್ರೂರಿಗಳು, ನಮ್ಮ ಭಾರತೀಯನಿಗೆ ಹೀಗೆ ಮಾಡಿದ್ರಲ್ಲ" ಅಂತ ಇಲ್ಲಿನ ಮೇಲ್ಜಾತಿ ದೇಶಭಕ್ತರು ಕಣ್ಣೀರು ಹಾಕೋ ಮೊದಲು ಇನ್ನೊಬ್ಬರ ಕಥೆ ಕೇಳಲಿ. 1876ರಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದ ಪಲ್ವಂಕರ್ ಬಾಲೂ. ಚಮ್ಮಾರ ಸಮುದಾಯದೋರು. ಪುಣೆಯಲ್ಲಿ ಬಿಳಿಯರ ಕ್ರಿಕೆಟ್ ಕ್ಲಬ್ಬಿನ ಮೈದಾನ ನೋಡ್ಕೊಳ್ಳೋ ಕೆಲಸ ಮಾಡ್ತಾ, ನೆಟ್‌ನಲ್ಲಿ ಸಾಹೇಬರಿಗೆ ಚೆಂಡು ಎಸೀತಾ ಬೌಲಿಂಗ್ ಕಲಿತೋರು. ಪಾಪ್ವಾ ಚೀಲ ಹೊತ್ತು ಕಲಿತ ಹಾಗೇ.

ಗೆಲ್ಲೋಕೆ ಬಾಲೂ ಬೇಕಿತ್ತು, ಅದಕ್ಕೆ ಪುಣೆಯ ಹಿಂದೂ ಕ್ಲಬ್ ತಂಡಕ್ಕೆ ಸೇರಿಸ್ಕೊಂಡರು. ಆದ್ರೆ ಟೀ ವಿರಾಮದಲ್ಲಿ ಅವರಿಗೆ ಚಹಾ ಕೊಟ್ಟದ್ದು ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಉಳಿದೋರಿಗೆ ಒಳಗೆ ಪಿಂಗಾಣಿ ಕಪ್. ಡರ್ಬನ್‌ನ ಮಳೆಗೂ ಪುಣೆಯ ಮಣ್ಣಿನ ಕುಡಿಕೆಗೂ ಏನಾದ್ರೂ ವ್ಯತ್ಯಾಸ ಇದ್ರೆ ಒಂದೇ: ಪುಣೆಯದು ಅರವತ್ತು ವರ್ಷಕ್ಕೂ ಹಿಂದಿನದು, ಮಾಡಿದೋರು "ನಮ್ಮವರು".

1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಬಾಲೂ 100ಕ್ಕೂ ಹೆಚ್ಚು ವಿಕೆಟ್ ತೆಗೆದರು. ಆದರೂ ಹಿಂದೂ ತಂಡದ ನಾಯಕನ ಪಟ್ಟ ಮಾತ್ರ ಕೊಡಲಿಲ್ಲ. ಆ ಪಟ್ಟ ಸಿಕ್ಕಿದ್ದು 1923ರಲ್ಲಿ ಅವರ ತಮ್ಮ ವಿಠ್ಠಲ್‌ಗೆ. 1937ರ ಚುನಾವಣೆಯಲ್ಲಿ ಇದೇ ಬಾಲೂ ಅವರನ್ನ ಕಾಂಗ್ರೆಸ್ ಬಾಬಾಸಾಹೇಬರ ಎದುರಿಗೇ ನಿಲ್ಲಿಸಿತು. ಸೋತರು. ಕ್ಲಬ್ಬಿನೋರು ನಮ್ಮವರನ್ನ ಒಳಗೆ ಕರೆಯೋದು ಕೆಲವು ಸಲ ಯಾಕೆ ಅಂತ ಇದರಿಂದಲೂ ಗೊತ್ತಾಗುತ್ತೆ.

ಇನ್ನು ಮಹಾಡ್. ಕೆರೆಯ ನೀರು ಎಲ್ಲರಿಗೂ ಅಂತ 1924ರಲ್ಲೇ ಪುರಸಭೆ ನಿರ್ಣಯ ಮಾಡಿತ್ತು. ಕಾಗದದಲ್ಲಿ ಅಪ್ಪಣೆ ಇತ್ತು. ಆದರೂ ಒಬ್ಬ ಅಸ್ಪೃಶ್ಯನೂ ಆ ನೀರು ಮುಟ್ಟೋಕೆ ಆಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಮುಟ್ಟಿದ್ದು ಯಾಕೆ? ಬಾಯಾರಿಕೆಗಲ್ಲ. ಪರ್ಮಿಟ್ಟನ್ನ ಹಕ್ಕಾಗಿ ಬದಲಾಯಿಸೋಕೆ. ಆಮೇಲೂ ಹತ್ತು ವರ್ಷ ಕೋರ್ಟಲ್ಲಿ ಹೋರಾಡಬೇಕಾಯ್ತು, ಗೆದ್ದದ್ದು 1937ರಲ್ಲಿ.

*

ಈಗ ನಮ್ಮ ಕಾಲಕ್ಕೆ ಬನ್ನಿ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಬಾಲೂ ಹುಟ್ಟಿದ ವರ್ಷವೇ. ಈ ದೇಶದಲ್ಲಿ ಕ್ಯಾಡಿಗಳು ಚಾಂಪಿಯನ್ ಆಗಿರೋದು ಹೊಸದಲ್ಲ. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ಅಲಿ ಶೇರ್, ದೆಹಲಿಯಲ್ಲಿ ಕ್ಯಾಡಿ ಆಗಿದ್ದೋರು. ನಮ್ಮ ಬಿಡದಿ ಕಡೆಯ ಚಿಕ್ಕರಂಗಪ್ಪ ಕೂಡ ಕ್ಯಾಡಿಯಾಗಿ ಶುರುಮಾಡಿ ವೃತ್ತಿಪರ ಆಟಗಾರ ಆದೋರು. ಹೆಮ್ಮೆ ಪಡೋಣ. ಆದ್ರೆ ಒಬ್ಬ ಮೇಲೆ ಬಂದ ತಕ್ಷಣ "ನೋಡಿ, ಪ್ರತಿಭೆ ಇದ್ರೆ ಯಾರು ತಡೀತಾರೆ" ಅನ್ನೋ ಮಾತು ಶುರುವಾಗುತ್ತಲ್ಲ, ಅಲ್ಲಿ ಎಚ್ಚರ ಇರಲಿ. ಮೂರು ಡಚ್ ಓಪನ್ ಗೆದ್ದ ಪ್ರತಿಭೆಯನ್ನ ಒಂದು ಕಾಗದದ ತುಂಡು ತಡೀತು. ಇದು ಇತಿಹಾಸ.

ಪಾಪ್ವಾಗೆ ಈಗ ಎಲ್ಲ ಸಿಕ್ಕಿದೆ. ಡರ್ಬನ್‌ನಲ್ಲಿ ಅವರ ಹೆಸರಿನ ಗಾಲ್ಫ್ ಮೈದಾನ ಇದೆ. ವರ್ಣಭೇದ ಹೋದ ಮೇಲೆ ಆ ದೇಶದ ಸರ್ಕಾರ ಮರಣೋತ್ತರವಾಗಿ ಆರ್ಡರ್ ಆಫ್ ಇಖಾಮಂಗ ಗೌರವ ಕೊಟ್ಟಿತು. ಸತ್ತ ಮೇಲೆ ಗೌರವ, ಬದುಕಿದ್ದಾಗ ಮಳೆ. ನಮ್ಮ ದೊಡ್ಡೋರಿಗೂ ಇದೇ ಆಗಿದ್ದು ಅಲ್ವಾ? ಪ್ರತಿಮೆಗೆ ಹಾರ, ಕೇರಿಗೆ ನೀರಿಲ್ಲ.

ಅದಕ್ಕೇ ಹೇಳೋದು. ನಮ್ಮ ಮಕ್ಕಳ ಕೈಗೆ ಕೋಲು ಕೊಡಿಸೋಣ, ಬ್ಯಾಟು ಕೊಡಿಸೋಣ, ಪುಸ್ತಕ ಕೊಡಿಸೋಣ. ಅಲ್ಲಿಗೇ ನಿಲ್ಲಿಸಬಾರದು. ಕಾಲೇಜಲ್ಲಿ ಸೀಟು ಸಿಕ್ತು, ಆದ್ರೆ ಹಾಸ್ಟೆಲ್ ಮೆಸ್‌ನಲ್ಲಿ ಯಾರ ಜೊತೆ ಕೂರ್ತಾನೆ? ಆಫೀಸಲ್ಲಿ ಕೆಲಸ ಸಿಕ್ತು, ಆದ್ರೆ ತೀರ್ಮಾನ ಮಾಡೋ ಮೀಟಿಂಗಿಗೆ ಕರೀತಾರಾ? ಪಂಚಾಯ್ತಿಲಿ ಗೆದ್ದಳು ಅಕ್ಕ, ಆದ್ರೆ ಕುರ್ಚಿ ಮೇಲೆ ಕೂರೋಕೆ ಬಿಟ್ರಾ? ಪ್ರತಿ ಸಲ ಈ ಪ್ರಶ್ನೆ ಕೇಳಿ: ನಮಗೆ ಸಿಕ್ಕಿರೋದು ಯಾವ ಕ್ಲಬ್? ಕೈಯಲ್ಲಿ ಹಿಡಿಯೋದಾ, ಒಳಗೆ ಕೂರೋದಾ? ಸಿಕ್ಕಿರೋದು ಪರ್ಮಿಟ್ಟಾ, ಹಕ್ಕಾ?

ಬಾಬಾಸಾಹೇಬರು ನಮಗೆ ಪರ್ಮಿಟ್ ಕೊಡಿಸಿ ಹೋಗಲಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿದೆ, ಆಚರಿಸಿದ್ರೆ ಅಪರಾಧ ಅಂದಿದೆ. 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ ಎಲ್ಲದರ ಬಾಗಿಲನ್ನೂ ಹೆಸರು ಹಿಡಿದು ತೆಗೆದಿದೆ. ಆ ಸಾಲುಗಳನ್ನ ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಇನ್ನು ಮುಂದೆ ನಮ್ಮ ಯಾವ ಗೆಲುವನ್ನೂ ನಾವು ಹೊರಗೆ ನಿಂತು ತಗೊಳ್ಳೋದು ಬೇಡ.

ಮನಸ್ಸಿಗೆ ನಾಟಿದ್ರೆ ನಿಮ್ಮೂರ ಹುಡುಗರಿಗೆ ಕಳಿಸಿ. ಅದರಲ್ಲೂ ಆಟ ಆಡೋ ಹುಡುಗ ಹುಡುಗಿಯರಿಗೆ.

ಜೈ ಭೀಮ್.